ಕುದುರೆ ಇಲ್ಲದ ಪಿಸ್ತೂಲು

ನಿಲಂಗಾ

ಬೆಲ್ಜಿಯಮ್ಮಿಗೆ ಹೋಗಿಬಂದೆ ಅಂದಕೂಡಲೇ ನಮ್ಮ ಕಡೆಯವರು ಕನ್ನಡಿಯ ವಿಷಯ ಕೇಳುತ್ತಾರೆ. ಆ ದೇಶದ ಕನ್ನಡಿ ನಮ್ಮೂರು ಉಮರ್ಗಾದ ನಾಲ್ಕಾರು ಮನೆಗಳ ಪಡಸಾಲೆಯಲ್ಲಿ ಈಗಲೂ ತೂಗುತ್ತಿದೆ. ನಾನು ಕನ್ನಡಿ ತರಲಿಲ್ಲ. ಒಂದು ಪಿಸ್ತೂಲಿನ ಫೋಟೋಗಳನ್ನು ತಂದೆ. ಯಾಕೆ ತಂದೆ ಎಂಬುದನ್ನು ಮೊದಲೇ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ನನ್ನ ಸೋದರಮಾವ ಶಿವಲಿಂಗಪ್ಪನವರಿಗೆ ನಿಲಂಗಾದ ಬಜಾರಿನಲ್ಲಿ ಬಟ್ಟೆ ಅಂಗಡಿ. ಉದಗೀರಿನ ಕಿಲ್ಲೆಯ ಹತ್ತಿರ ಮನೆಯಿದ್ದ ಒಬ್ಬ ಮುದಿ ರಿಸಾಲದಾರರು ಅವರ ಹಳೆಯ ಗಿರಾಕಿ. ಮೊದಲನೆಯ ಮಹಾಯುದ್ಧದಲ್ಲಿ ನಿಜಾಮರ ಫೌಜಿನೊಡನೆ ಸಮುದ್ರ ದಾಟಿ ಹೋಗಿದ್ದವರು, ಬರುವಾಗ ಒಂದು ಜರ್ಮನ್ ಪಿಸ್ತೂಲು ತಂದಿದ್ದರು. ಉದಗೀರು ಬಿಟ್ಟು ಹೈದರಾಬಾದಿಗೆ ಮಗಳ ಮನೆಗೆ ಹೋಗುವಾಗ ಅದನ್ನು ಮಾಮಾನ ಕೈಗಿತ್ತು, "ನಾ ಬರೂತನಕ ಇಟ್ಟಿರ್ರಿ ಶೇಟಜೀ" ಅಂದರು. ಬರಲಿಲ್ಲ. ಅಲ್ಲಿಯೇ ತೀರಿಕೊಂಡರು.

ಹೈದರಾಬಾದಿನ ಪೊಲೀಸ್ ಕಾರ್ಯಾಚರಣೆ ಮುಗಿದ ಮೇಲೆ, ಇದ್ದ ಆಯುಧವನ್ನೆಲ್ಲ ಚೌಕಿಗೆ ಒಪ್ಪಿಸಬೇಕೆಂದು ಡಂಗುರ ಸಾರಿದರು. ಮಾಮಾ ಪಿಸ್ತೂಲನ್ನು ದಸ್ತಿಯಲ್ಲಿ, ಅಂದರೆ ದೊಡ್ಡ ಕರವಸ್ತ್ರದಲ್ಲಿ, ಸುತ್ತಿ ಒಯ್ದರು. ಅದು ಖಾಲಿ ಇದೆ ಎಂದು ಜಮಾದಾರರಿಗೆ ತೋರಿಸಲು ಅದರ ಮೇಲಿನ ಎರಡು ಗುಂಡಿಗಳನ್ನು ಹಿಡಿದು ಹಿಂದಕ್ಕೆಳೆದರು. ಅದೇ ಹೊತ್ತಿಗೆ ತನ್ನ ಬಂದೂಕು ಒಪ್ಪಿಸಲು ಬಂದು ಎದುರಿಗೆ ನಿಂತಿದ್ದವನು ಪಕ್ಕದಂಗಡಿಯ ಗುರುನಾಥ. ಎರಡು ಅಂಗಡಿಗಳ ನಡುವಿನ ಗೋಡೆಯ ವಿಷಯದಲ್ಲಿ ಜಗಳವಾಗಿ ಇಬ್ಬರಿಗೂ ಮಾತಿರಲಿಲ್ಲ. ಆತ ಕೂಗಿಕೊಂಡ. ಗುಂಡು ಭರ್ತಿಯಿದ್ದ ಪಿಸ್ತೂಲನ್ನು ತನ್ನ ಎದೆಗೆ ಹಿಡಿದು ಕೊಲ್ಲುತ್ತೇನೆಂದು ಹೆದರಿಸಿದ ಎಂದು ಫಿರ್ಯಾದು ಕೊಟ್ಟ.

ಕೇಸು ನಿಂತದ್ದು ಜಮಾದಾರರ ಒಂದು ಮಾತಿನ ಮೇಲೆ. ಅವರು ಸುಳ್ಳು ಹೇಳುವ ಮನುಷ್ಯರಲ್ಲ. ಕಂಡದ್ದನ್ನು ಕಂಡಂತೆ ಹೇಳಿದರು: "ಘೋಡಾ ಎದ್ದು ನಿಂತಿತ್ರಿ ಸಾಹೇಬ್ರ."

ನಮ್ಮ ಗಡಿಯ ಕಡೆ ಮರಾಠಿಯವರಿಗೂ ಉರ್ದುವಿನವರಿಗೂ ಕನ್ನಡದವರಿಗೂ ಬಂದೂಕಿನ ಹಿಂಭಾಗದಲ್ಲಿ ಹೆಬ್ಬೆರಳಿನಿಂದ ಎಳೆಯುವ ಸುತ್ತಿಗೆ ಎಂದರೆ ಘೋಡಾ, ಕುದುರೆ. ಘೋಡಾ ಎದ್ದಿದೆ ಎಂದರೆ ಬಂದೂಕು ಹಾರಲು ಸಿದ್ಧವಾಗಿದೆ. ಕೋರ್ಟಿನಲ್ಲಿ ಹಾಗೆಯೇ ಬರೆದುಕೊಂಡರು. "ಖಾಲಿ ಇತ್ರಿ, ಅದಕ್ಕs ಅದು ಎದ್ದು ನಿಂತಿತು" ಎಂದು ಮಾಮಾ ಎಷ್ಟು ಹೇಳಿದರೂ ಮ್ಯಾಜಿಸ್ಟ್ರೇಟರು ನಕ್ಕುಬಿಟ್ಟರು. ಖಾಲಿಯಾದ ಬಂದೂಕಿನ ಕುದುರೆ ತಾನಾಗಿ ಏಳುವುದನ್ನು ಯಾರು ಕಂಡಿದ್ದಾರೆ. ಪಿಸ್ತೂಲು ತೋರಿಸೋಣವೆಂದರೆ ಅದು ಉಳಿದಿರಲಿಲ್ಲ. ಒಪ್ಪಿಸಿದ ಆಯುಧಗಳ ರಾಶಿಯ ಜೊತೆ ಬೀದರಿಗೆ ಹೋಗಿ ಕರಗಿಹೋಗಿತ್ತು.

ಮಾಮಾ ಜಾಮೀನಿನ ಮೇಲಿದ್ದರು. ತಾಲೂಕು ಬಿಟ್ಟು ಹೋಗುವಂತಿರಲಿಲ್ಲ. ಉಮರ್ಗಾದಲ್ಲಿ ನಮ್ಮ ಅಜ್ಜಿ, ಅವರ ತಾಯಿ, ಹಾಸಿಗೆ ಹಿಡಿದಾಗಲೂ ಬರಲಾಗಲಿಲ್ಲ. ಶಿಕ್ಷೆಯಾದರೆ ಜೈಲು.

"ಅಂಥಾದ್ದs ಇನ್ನೊಂದು ಪಿಸ್ತೂಲು ತೋರಸ್ರಿ, ಇಲ್ಲಾ ಬಲ್ಲವರ ಮಾತು ತರ್ರಿ" ಎಂದು ನಮ್ಮ ವಕೀಲ ಬಾಬುರಾವ್ ಕೈಚೆಲ್ಲಿ ಕೂತಿದ್ದಾಗ ನನಗೆ ಬೆಲ್ಜಿಯಮ್ಮಿನ ಲೀಯೇಜ್ ಊರಿನಲ್ಲಿ ತರಬೇತಿ ಸಿಕ್ಕಿತು. ನಾನು ಹೈದರಾಬಾದಿನ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಸೂಕ್ಷ್ಮ ಅಳತೆಯ ಉಪಕರಣಗಳ ತರಬೇತಿ ಅದು. ಊರು ಮಾತ್ರ ನೂರಾರು ವರ್ಷಗಳಿಂದ ಬಂದೂಕು ಮಾಡುವವರ ಊರು. ಬಾಬುರಾವ್ ನಾನು ತಿರುಗಿ ಬರುವವರೆಗೆ ಕೇಸು ಮುಂದೂಡಲು ಮುದ್ದತ್ತು ಕೇಳಿಕೊಂಡರು.

ಹೊರಡುವ ಮೊದಲು ನಿಲಂಗಾಕ್ಕೆ ಹೋದೆ. ಮಾಮಾ ಏನನ್ನೂ ಕೇಳಲಿಲ್ಲ. "ಹುಷಾರ್ ಹೋಗಿ ಬಾ ನೀಲಾ" ಎಂದರು ಅಷ್ಟೆ. ಅವರ ಹೆಂಡತಿ, ನಮ್ಮ ಅತ್ತಿ, ಮಾತ್ರ ಪಿಸ್ತೂಲನ್ನು ಬೈಯುತ್ತಲೇ ಇದ್ದರು.

"ಸುಡಗಾಡ ಪಿಸ್ತೂಲು. ಅದರ ಹಿಡಿ ಹಿಂದ ಒಂದು ಗೂಟದಂಗ ಇತ್ತವ್ವ. ಗಂಟು ಕಟ್ಟೂವಾಗ ನನ್ನ ಹೊಸಾ ದಸ್ತಿ ಅದಕ್ಕ ಸಿಕ್ಕು ಹರದು ಹೋತು."

"ಮನಿಯಾಂವ ಜೇಲಿಗೆ ಹೋಗಾಂವ ಅದಾನ, ಈಕಿಗೆ ದಸ್ತಿ ಚಿಂತಿ" ಎಂದರು ಮಾಮಾ.

ಜಿನೋವಾ

ಹಡಗಿನ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಮುಂಬಯಿಯಿಂದ ಏಡನ್ನಿನವರೆಗೆ ನಾನು ಮಲಗಿಯೇ ಇದ್ದೆ.

ಜಿನೋವಾ ಬಂದರಿನಲ್ಲಿ ಸುಂಕದ ಅಧಿಕಾರಿ ನನ್ನ ಕೊರಳಿನ ಬೆಳ್ಳಿ ಕರಡಿಗೆಯನ್ನು ಬೆರಳು ಮಾಡಿ ತೋರಿಸಿದ. ತೆಗೆದು ತೋರಿಸು ಎಂದು ಸನ್ನೆ. ಇಷ್ಟಲಿಂಗವನ್ನು ಮನೆಯಲ್ಲಿ ಪೂಜೆಯ ಹೊತ್ತಿನಲ್ಲಲ್ಲದೆ ತೆಗೆಯುವುದಿಲ್ಲ, ಪರರ ಕೈಗೆ ಕೊಡುವುದು ದೂರದ ಮಾತು. ಅವನ ಭಾಷೆ ನನಗೆ ಬಾರದು, ನನ್ನದು ಅವನಿಗೆ ಬಾರದು. ಹಿಂದಿನ ಸಾಲು ಉದ್ದವಾಗುತ್ತಿತ್ತು. ನಾನು ಕರಡಿಗೆಯ ಮೇಲೆ ಅಂಗೈಯಿಟ್ಟು ಕಣ್ಣು ಮುಚ್ಚಿ ತೆರೆದೆ. ಅವನು ಒಂದು ಕ್ಷಣ ನೋಡಿ, ತನ್ನ ಅಂಗಿಯ ಗುಂಡಿ ಬಿಚ್ಚಿ, ದಾರದಲ್ಲಿ ತೂಗುತ್ತಿದ್ದ ಯಾವುದೋ ಸಂತನ ಚಿಕ್ಕ ಬಿಲ್ಲೆಯನ್ನು ಹೊರಗೆಳೆದು ತೋರಿಸಿದ. ಆಮೇಲೆ ನನ್ನ ಪೆಟ್ಟಿಗೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದು ಮುಂದೆ ಕಳಿಸಿದ. ಪೆಟ್ಟಿಗೆಯಲ್ಲಿದ್ದ ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಡಬ್ಬಿಯ ಬಗ್ಗೆ ಕೇಳಲೇ ಇಲ್ಲ. ನನಗೆ ನಿಜವಾಗಿ ಹೆದರಿಕೆಯಿದ್ದದ್ದು ಅದರ ಬಗ್ಗೆ.

ಲೀಯೇಜ್

ಲೀಯೇಜಿನ ಸುತ್ತ ಕಲ್ಲಿದ್ದಲ ಗಣಿಯ ಕರಿಮಣ್ಣಿನ ಗುಡ್ಡಗಳು. ನಡುವೆ ಮ್ಯೂಸ್ ನದಿ, ಬೇಸಿಗೆಯಲ್ಲೂ ತುಂಬಿ ಹರಿಯುತ್ತದೆ. ಒಣಗಿದ ಹೊಳೆಗಳನ್ನೇ ನೋಡಿ ಬೆಳೆದ ನಾನು ದಿನವೂ ಸಂಜೆ ಸೇತುವೆಯ ಮೇಲೆ ನಿಲ್ಲುತ್ತಿದ್ದೆ.

ಮನೆಯೊಡತಿ ಒಬ್ಬ ವಿಧವೆ. ಮಾಂಸ ತಿನ್ನುವುದಿಲ್ಲ ಎಂದರೆ ಆಕೆಗೆ ಅದು ಕಾಯಿಲೆಯಂತೆ ಕೇಳಿಸಿತು. ನಾನು ಗುಣವಾಗಲೆಂದು ಸೂಪಿನಲ್ಲಿ ಎಲುಬು ಹಾಕಿ, ಬಡಿಸುವಾಗ ಎಲುಬು ತೆಗೆದಿಡುತ್ತಿದ್ದಳು. ಅದು ಗೊತ್ತಾದ ಮೇಲೆ ನಾನು ಬೀದಿಯ ಮೂಲೆಯಲ್ಲಿ ಕಾಗದದ ಪೊಟ್ಟಣದಲ್ಲಿ ಮಾರುವ ಬಟಾಟೆಯ ಕರಿದ ತುಂಡುಗಳನ್ನು ಹಿಂಡಿಯೊಂದಿಗೆ ತಿಂದು ಬದುಕಿದೆ. ಆ ಬಟಾಟೆಯನ್ನೂ ದನದ ಕೊಬ್ಬಿನಲ್ಲಿ ಕರಿಯುತ್ತಾರೆಂದು ತಿಳಿದದ್ದು ಮೂರನೆಯ ವಾರ. ಆಮೇಲೆ ಬ್ರೆಡ್ಡು, ಹಾಲು, ಸೇಬು.

ಆ ದೇಶದಲ್ಲಿ ನನಗೆ ಪರಕೀಯವೆನಿಸದ ಒಂದು ಸಂಗತಿಯಿತ್ತು. ನನ್ನ ಮನೆಯೊಡತಿ ಫ್ರೆಂಚಿನಲ್ಲಿ ಬೈದರೆ ತರಕಾರಿಯವನು ಫ್ಲೆಮಿಶ್ ಭಾಷೆಯಲ್ಲಿ ಮರಳಿ ಬೈಯುತ್ತಿದ್ದ. ಇಬ್ಬರಿಗೂ ಇನ್ನೊಬ್ಬರ ಭಾಷೆ ಚೆನ್ನಾಗಿ ಬರುತ್ತದೆ, ಆದರೆ ಆಡುವುದಿಲ್ಲ. ಉಮರ್ಗಾದ ಸಂತೆಯಲ್ಲಿ ನಾವು ಒಂದೇ ವಾಕ್ಯವನ್ನು ಮರಾಠಿಯಲ್ಲಿ ಶುರುಮಾಡಿ ಕನ್ನಡದಲ್ಲಿ ಮುಗಿಸುತ್ತೇವೆ. ಅವರಿಗಿಂತ ನಾವೇ ವಾಸಿ ಎಂದುಕೊಂಡೆ.

ಸಂಗ್ರಹಾಲಯ

ನದಿಯ ದಂಡೆಯ ಹಳೆಯ ಬಂಗಲೆಯೊಂದರಲ್ಲಿ ಆಯುಧಗಳ ಸಂಗ್ರಹವಿತ್ತು. ಅದರ ಪಾಲಕರು ಲಾಂಬೇರ್ ಎಂಬ ಎತ್ತರದ ಮುದುಕರು. ತಾರುಣ್ಯದಲ್ಲಿ, ಮೊದಲ ಯುದ್ಧದ ಕಾಲಕ್ಕೆ, ಇಂಗ್ಲೆಂಡಿಗೆ ಓಡಿಹೋಗಿ ಇಂಗ್ಲಿಷು ಕಲಿತಿದ್ದರು. ಸೀರೆಯುಟ್ಟ ಹುಡುಗಿ ಪಿಸ್ತೂಲು ನೋಡಬೇಕೆಂದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಗಂಡನಿಗಾಗಿಯೋ, ಸೋದರನಿಗಾಗಿಯೋ?"

"ಮಾವನಿಗಾಗಿ. ತಾಯಿಯ ತಮ್ಮ" ಎಂದು ಎಲ್ಲವನ್ನೂ ಹೇಳಿದೆ. ಅವರು ಕನ್ನಡಕ ಒರೆಸಿಕೊಂಡು, ಹಾಗಾದರೆ ಮೊದಲಿನಿಂದ ನೋಡೋಣ ಎಂದರು.

ನಾನು ಭೌತಶಾಸ್ತ್ರ ಓದಿದವಳು, ಆಯುಧಗಳಲ್ಲಿ ಆಸಕ್ತಿಯಿಲ್ಲ. ಆದರೂ ಆ ಗಾಜಿನ ಕಪಾಟುಗಳ ಮುಂದೆ ನನಗೆ ಹೊತ್ತು ಹೋದದ್ದು ತಿಳಿಯಲಿಲ್ಲ. ಹಿಂದಿನ ಶತಮಾನದ ಕೊನೆಯವರೆಗೆ ಕೈಬಂದೂಕಿನ ಕೆಲಸವನ್ನೆಲ್ಲ ಬೆರಳೇ ಮಾಡುತ್ತಿತ್ತು. ಗುಂಡಿನ ಚಕ್ರ ತಿರುಗಿಸುವುದೂ ಬೆರಳು, ಸುತ್ತಿಗೆ ಎತ್ತುವುದೂ ಬೆರಳು. ಹಾರಿದ ಗುಂಡು ಹಿಂದಕ್ಕೆ ಒದೆಯುವ ಬಲ ಮಾತ್ರ ಮಣಿಕಟ್ಟಿಗೆ ನೋವು ಕೊಟ್ಟು ವ್ಯರ್ಥವಾಗುತ್ತಿತ್ತು. ಹೊಗೆಯಿಲ್ಲದ ಮದ್ದು ಬಂದ ಮೇಲೆ ಯಂತ್ರದೊಳಗೆ ಮಸಿ ಕಟ್ಟುವುದು ಕಡಿಮೆಯಾಯಿತು. ಆಗ ಕೆಲವರಿಗೆ ಹೊಳೆಯಿತು: ಆ ಒದೆತದಿಂದಲೇ ಖಾಲಿ ಕಾಡತೂಸನ್ನು, ಅಂದರೆ ಗುಂಡು ಹಾರಿದ ಮೇಲೆ ಉಳಿಯುವ ಹಿತ್ತಾಳೆಯ ಕೊಳವೆಯನ್ನು, ಹೊರಗೆಸೆಯಬಹುದು, ಹೊಸದನ್ನು ಒಳಗೆಳೆಯಬಹುದು. ಬೆರಳಿಗೆ ಉಳಿಯುವುದು ಒಂದೇ ಕೆಲಸ, ಒತ್ತುವುದು.

ಹೊಳೆದದ್ದು ಒಂದೇ ಸಂಗತಿ, ಮಾಡಿದ ರೀತಿಗಳು ಮಾತ್ರ ಬೇರೆಬೇರೆ. ಒಂದು ಜರ್ಮನ್ ಪಿಸ್ತೂಲಿಗೆ ಕಾಡತೂಸಿನ ಪೆಟ್ಟಿಗೆ ಹಿಡಿಯ ಮುಂದೆ, ಗರ್ಭಿಣಿಯ ಹೊಟ್ಟೆಯಂತೆ. ಅದರ ಹಿಡಿ ಕಸಬರಿಗೆಯ ಕೋಲಿನಂತೆ ದುಂಡಗೆ. ಇದೇ ಲೀಯೇಜಿಗೆ ಒಬ್ಬ ಅಮೆರಿಕದವನು ತಂದ ನಮೂನೆಯಲ್ಲಿ ನಳಿಗೆಯನ್ನು ಅಪ್ಪಿದ ಉಕ್ಕಿನ ಕವಚವೊಂದು ಹಿಂದಕ್ಕೂ ಮುಂದಕ್ಕೂ ಜಾರುತ್ತಿತ್ತು. ಸಣ್ಣ ಕಾಡತೂಸಿಗೆ ನಳಿಗೆಯ ಹಿಂಬಾಗಿಲನ್ನು ಬಿಗಿಹಿಡಿಯುವ ಬೀಗವೇ ಬೇಡ, ಕವಚದ ತೂಕ ಮತ್ತು ಸ್ಪ್ರಿಂಗಿನ ಬಿಗಿ ಸಾಕು. ಕೊನೆಗೆ ಲೋಕವೆಲ್ಲ ಹಿಡಿದದ್ದು ಆ ದಾರಿಯನ್ನೇ.

"ಇನ್ನು ನಿಮ್ಮದು" ಎಂದು ಲಾಂಬೇರ್ ಒಂದು ವಿಚಿತ್ರ ವಸ್ತುವನ್ನು ತೆಗೆದರು. ಹಿಂದೆ ಡುಬ್ಬವಿದ್ದ ಪಿಸ್ತೂಲು. ಇದು ನಿಮ್ಮದರ ತಾತ ಎಂದರು. ಕಾಡತೂಸುಗಳು ಮೊದಲ ಸಲ ಹಿಡಿಯೊಳಗೆ ಸೇರಿದ್ದು ಇದರಲ್ಲಿ. ನಳಿಗೆಯ ಹಿಂದೆ ಒಂದು ಮಂಡಿಕೀಲು. ನಮ್ಮ ಹಾಸ್ಟೆಲ್ಲಿನಲ್ಲಿ ಹುಡುಗಿಯರು ಸಾಲಿನಲ್ಲಿ ಮುಂದೆ ನಿಂತವಳ ಮಂಡಿಯ ಹಿಂಭಾಗಕ್ಕೆ ಮೆಲ್ಲಗೆ ತಾಕಿಸಿ ಬೀಳಿಸುತ್ತಿದ್ದರು. ಈ ಕೀಲಿನ ಗುಟ್ಟು ಅಷ್ಟೇ. ನೆಟ್ಟಗಿರುವಾಗ ಎಷ್ಟು ಒದ್ದರೂ ಮಡಿಯದು. ನಳಿಗೆಯ ಜೊತೆ ಕೊಂಚ ಹಿಂದೆ ಸರಿದು ಇಳಿಜಾರಿಗೆ ತಾಕಿದರೆ ಸಾಕು, ಮೇಲ್ಮುಖವಾಗಿ ಮಡಿದು, ಖಾಲಿ ಕಾಡತೂಸನ್ನು ಎಸೆದು, ಮತ್ತೆ ನೆಟ್ಟಗಾಗುತ್ತದೆ. ಮುಂದೆ ಇನ್ನೊಬ್ಬ ಡುಬ್ಬವನ್ನು ತೆಗೆದು, ಸ್ಪ್ರಿಂಗನ್ನು ಹಿಡಿಯೊಳಗಿಟ್ಟು, ಹಿಡಿಯನ್ನು ವಾಲಿಸಿ, ತೆಳ್ಳಗೆ ಮಾಡಿದ. ಲಾಂಬೇರ್ ಅದನ್ನೂ ತೆಗೆದು ಮುಂದಿಟ್ಟರು. ಮಾಮಾ ಹೇಳಿದ ಓರೆ ಹಿಡಿ, ಎರಡು ಗುಂಡಿಗಳು, ಎಲ್ಲ ಅದೇ.

"ಇದಕ್ಕೆ ನಾಯಿ ಇಲ್ಲ, ನೋಡಿದಿರಾ" ಎಂದರು ಲಾಂಬೇರ್.

ನನಗೆ ಅರ್ಥವಾಗಲಿಲ್ಲ. ಅವರು ಪಕ್ಕದ ರಿವಾಲ್ವರಿನ ಸುತ್ತಿಗೆಯನ್ನು ಹೆಬ್ಬೆರಳಿನಿಂದ ಎತ್ತಿ ತೋರಿಸಿದರು. ಫ್ರೆಂಚಿನಲ್ಲಿ ಅದರ ಹೆಸರು ನಾಯಿ.

"ನಮ್ಮಲ್ಲಿ ಅದು ಕುದುರೆ" ಎಂದೆ.

"ಜರ್ಮನರಿಗೆ ಹುಂಜ" ಎಂದರು. ಇಬ್ಬರೂ ನಕ್ಕೆವು. ಆ ಊರಿಗೆ ಹೋದ ಮೇಲೆ ನಾನು ಬಾಯಿಬಿಟ್ಟು ನಕ್ಕದ್ದು ಅದೇ ಮೊದಲು. ಈ ಪಿಸ್ತೂಲಿನಲ್ಲಿ ನಾಯಿಯೂ ಇಲ್ಲ, ಕುದುರೆಯೂ ಇಲ್ಲ, ಹುಂಜವೂ ಇಲ್ಲ. ಹೊಡೆಯುವ ಮೊಳೆ ಒಳಗೆ ಅಡಗಿದೆ. ಹೊರಗೆ ಏಳುವ ವಸ್ತುವೆಂದರೆ ಮಂಡಿಯೊಂದೇ. ನಮ್ಮ ಜಮಾದಾರರು ಕಂಡದ್ದು ಅದನ್ನು. ಹೆಸರು ಗೊತ್ತಿಲ್ಲದ ಕಾರಣ ಗೊತ್ತಿದ್ದ ಹೆಸರನ್ನು ಇಟ್ಟಿದ್ದರು.

ಆದರೆ ಅದು ಎದ್ದು ನಿಲ್ಲಬೇಕಲ್ಲ. ಲಾಂಬೇರ್ ಖಾಲಿ ಪೆಟ್ಟಿಗೆಯನ್ನು ಹಿಡಿಯೊಳಗೆ ಸೇರಿಸಿ ಗುಂಡಿಗಳನ್ನು ಹಿಂದಕ್ಕೆಳೆದು ಬಿಟ್ಟರು. ಮಂಡಿ ಎದ್ದಿತು, ಟಪ್ಪೆಂದು ಮಲಗಿತು. ಮತ್ತೆ ಎಳೆದರು. ಮತ್ತೆ ಮಲಗಿತು.

"ಹಿಡಿದಿಟ್ಟರೆ ಮಾತ್ರ ನಿಲ್ಲುತ್ತದೆ" ಎಂದರು. ಹಿಡಿದಿಟ್ಟಿದ್ದರೆ ಜಮಾದಾರರು ಹಿಡಿದಿದ್ದ ಎನ್ನುತ್ತಿದ್ದರು. ಅವರು ಹೇಳಿದ್ದು ನಿಂತಿತ್ತು ಎಂದು.

ಆ ದಿನ ನಾನು ಸೇತುವೆಯ ಮೇಲೆ ನಿಲ್ಲಲಿಲ್ಲ. ಮಾಮಾ ಸುಳ್ಳು ಹೇಳಿದ್ದರೆ ಎಂಬ ಯೋಚನೆ ಆ ಒಂದು ಸಂಜೆ ನನ್ನ ತಲೆಯಲ್ಲಿ ಕೂತಿತ್ತು.

ಮತ್ತೆ ಸಂಗ್ರಹಾಲಯ

ಬೆಳಗ್ಗೆ ಮನೆಯೊಡತಿ ನನ್ನ ಶಾಲನ್ನು ಕುರ್ಚಿಯಿಂದ ಎಳೆದಾಗ ಅದು ಕುರ್ಚಿಯ ಹಿಂದಿನ ಮೊಳೆಗೆ ಸಿಕ್ಕಿ ಪರ್ರೆಂದಿತು. ಆಕೆ ಕ್ಷಮೆ ಕೇಳುತ್ತಿದ್ದಳು, ನಾನು ಆಗಲೇ ಬಾಗಿಲ ಹೊರಗಿದ್ದೆ. ನಿನ್ನೆ ನೋಡಿದ ಪಿಸ್ತೂಲಿನ ಹಿಡಿ ಹಿಂದೆಲ್ಲ ನುಣುಪಾಗಿತ್ತು. ಅದಕ್ಕೆ ಅತ್ತಿಯ ದಸ್ತಿ ಸಿಕ್ಕುವಂತಿರಲಿಲ್ಲ.

"ಹಿಡಿಯ ಹಿಂದೆ, ಕೆಳಗೆ, ಒಂದು ಗೂಟವಿರುವ ಪಿಸ್ತೂಲು ನಿಮ್ಮಲ್ಲಿದೆಯೇ?" ಎಂದು ಮೆಟ್ಟಿಲ ಮೇಲೆಯೇ ಕೇಳಿದೆ.

ಲಾಂಬೇರ್ ಕೈಯಲ್ಲಿದ್ದ ಕಾಫಿ ಬಟ್ಟಲನ್ನು ಕೆಳಗಿಟ್ಟರು. "ನಿನ್ನೆಯೇ ಯಾಕೆ ಹೇಳಲಿಲ್ಲ?"

"ಅದು ನನ್ನ ಅತ್ತೆಯ ಬೈಗುಳದಲ್ಲಿತ್ತು. ಸಾಕ್ಷಿ ಎಂದುಕೊಂಡಿರಲಿಲ್ಲ."

ಆ ಗೂಟ ಮರದ ಹಿಂಬದಿಯೊಂದನ್ನು ಜೋಡಿಸಲು ಇಟ್ಟದ್ದಂತೆ. ಹೆಗಲಿಗೊತ್ತಿ ಗುರಿಯಿಡಲು. ಜರ್ಮನ್ ಸೈನ್ಯ ಮೊದಲು ತೆಗೆದುಕೊಂಡ ಪಿಸ್ತೂಲುಗಳಿಗೆ ಅದಿರಲಿಲ್ಲ. ಯುದ್ಧಕ್ಕೆ ಸ್ವಲ್ಪ ಮೊದಲು ಗೂಟ ಬಂತು, ಅದರ ಜೊತೆಗೇ ಒಳಗೊಂದು ಚಿಕ್ಕ ಕೊಂಡಿಯೂ ಬಂತು. ಕಾಡತೂಸು ಮುಗಿದಾಗ ಪೆಟ್ಟಿಗೆಯ ತಳದ ತಟ್ಟೆ ಮೇಲೆ ಬಂದು ಆ ಕೊಂಡಿಯನ್ನು ಎತ್ತುತ್ತದೆ, ಕೊಂಡಿ ಮಂಡಿಯನ್ನು ಮಡಿದಲ್ಲಿಯೇ ತಡೆಯುತ್ತದೆ. ಗುಂಡು ತೀರಿದೆ ಎಂದು ಸಿಪಾಯಿಗೆ ತಿಳಿಯಲಿ ಎಂದು.

ಹಿಂದಿನ ಕೋಣೆಯಿಂದ ಗೂಟವಿದ್ದದ್ದನ್ನು ತಂದರು. ಖಾಲಿ ಪೆಟ್ಟಿಗೆ ಸೇರಿಸಿ ನನ್ನ ಕೈಗೇ ಕೊಟ್ಟರು. "ನೀವೇ ಎಳೆಯಿರಿ."

ಎರಡು ಗುಂಡಿಗಳನ್ನು ಹಿಡಿದು ಎಳೆದೆ. ಸ್ಪ್ರಿಂಗು ನಾನೆಣಿಸಿದ್ದಕ್ಕಿಂತ ಬಿಗಿ. ಕೈಬಿಟ್ಟೆ. ಮಂಡಿ ಎದ್ದು ನಿಂತಿತು. ನಿಂತೇ ಇತ್ತು. ಒತ್ತಿದೆ, ಬೀಳಲಿಲ್ಲ. ಮೇಲಿನಿಂದ ನೋಡಿದರೆ ನಳಿಗೆಯ ಹಿಂಬಾಗಿಲು ತೆರೆದು ಒಳಗೆ ಬೆಳಕು ಕಾಣುತ್ತಿತ್ತು. ಈ ಸ್ಥಿತಿಯಲ್ಲಿ ಪಿಸ್ತೂಲು ಯಾರನ್ನೂ ಕೊಲ್ಲಲಾರದು. ಕುಟ್ಟಿ ಕೊಂದರೆ ಬೇರೆ ಮಾತು ಎಂದರು ಲಾಂಬೇರ್.

ಮಾಮಾ ಹೇಳಿದ್ದು ಅಕ್ಷರಶಃ ನಿಜ. ಖಾಲಿ ಇತ್ತು, ಅದಕ್ಕೇ ಎದ್ದು ನಿಂತಿತ್ತು.

ನಾನು ಕೊಂಡಿಯನ್ನೂ ಗೂಟವನ್ನೂ ಅಳೆದು, ಭಾಗಗಳ ನಕ್ಷೆ ಬರೆದೆ. ಕಲಿಯಲು ಬಂದ ಸೂಕ್ಷ್ಮ ಅಳತೆ ಅಲ್ಲಿಯೇ ಮೊದಲು ಉಪಯೋಗಕ್ಕೆ ಬಂತು. ಲಾಂಬೇರ್ ಎರಡೂ ಬಗೆಯ ಪಿಸ್ತೂಲುಗಳ ಫೋಟೋ ತೆಗೆಸಿ, ತಮ್ಮ ಅಭಿಪ್ರಾಯ ಬರೆದು ಸಹಿ ಮಾಡಿದರು. ಹೊರಡುವಾಗ ನಾನು ಕೈಜೋಡಿಸಿದೆ, ಅವರು ಕೈ ಚಾಚಿದರು. ಆಮೇಲೆ ನಾನು ಕೈ ಚಾಚಿದೆ, ಅವರು ಜೋಡಿಸಿದರು.

ನಿಲಂಗಾದ ಕೋರ್ಟು

ಊರಿಗೆ ಬಂದ ಮೇಲೂ ಮಾಮಾ ಏನನ್ನೂ ಕೇಳಲಿಲ್ಲ. ಫೋಟೋಗಳನ್ನು ಬಾಬುರಾವ್ ಅವರಿಗೆ ಕೊಟ್ಟಾಗ ಮಾಮಾ ಹೊರಗೆ ಕಟ್ಟೆಯ ಮೇಲೆ ಕೂತಿದ್ದರು.

ನಾನು ಕಟಕಟೆಯಲ್ಲಿ ನಿಂತು ಹೇಳಿದೆ. ಎದುರು ವಕೀಲರು ಎದ್ದರು. "ಬಾಯಿಯವರು ಎಷ್ಟು ಬಂದೂಕು ಹಾರಿಸ್ಯಾರ?"

"ಒಂದೂ ಇಲ್ಲ."

ಕೋರ್ಟಿನಲ್ಲಿ ನಗು ಎದ್ದಿತು. "ಮತ್ತ ಹ್ಯಾಂಗ ಹೇಳ್ತೀರಿ?"

"ಅಳೆದು ಹೇಳ್ತೀನಿ."

ಅವರು ಫೋಟೋಗಳನ್ನು ತಿರುವಿಹಾಕಿ, ಮಂಡಿ ನಿಲ್ಲದ ಬಗೆಯೂ ಇದೆಯೆಂದು ನೀವೇ ಬರೆದಿದ್ದೀರಿ, ಆರೋಪಿಯದು ಅದೇ ಯಾಕಿರಬಾರದು ಎಂದರು. ನಾನು ಗೂಟವನ್ನು ತೋರಿಸಿದೆ. ಅತ್ತಿಯ ದಸ್ತಿಯ ಮಾತನ್ನು ಅವರು ಗಾಳಿಗೆ ತೂರಿದರು. ಮನೆಯ ಹೆಂಗಸು ಗಂಡನಿಗಾಗಿ ಏನು ಬೇಕಾದರೂ ಹೇಳುತ್ತಾಳೆ. ಆಗ ಮ್ಯಾಜಿಸ್ಟ್ರೇಟರು ಜಮಾದಾರರನ್ನು ಮತ್ತೆ ಕರೆಸಿದರು.

"ಅದಕ್ಕ ಗೂಟ ಇತ್ತೇನು?"

"ಇತ್ರಿ ಸಾಹೇಬ್ರ. ಜಪ್ತಿ ಮಾಲಿಗೆ ಚೀಟಿ ಕಟ್ಟಬೇಕಲ್ರಿ. ಬ್ಯಾರೇ ಬಂದೂಕಿಗೆ ದಾರ ಜಾರತಿತ್ತು. ಇದಕ್ಕ ಗೂಟಕ್ಕs ಕಟ್ಟಿದ್ನಿ."

"ಘೋಡಾ ಎಲ್ಲಿತ್ತು? ಹಿಂದ, ಹೆಬ್ಬೆರಳ ಕಡೆ?"

"ಇಲ್ರಿ. ಮ್ಯಾಲ, ನಟ್ಟನಡುವ." ಜಮಾದಾರರು ಬಲಗೈಯನ್ನು ಮುಂದೆ ಚಾಚಿ, ಮೊಳಕೈಯನ್ನು ಮೇಲಕ್ಕೆ ಮಡಿಚಿ ತೋರಿಸಿದರು. "ಹಿಂಗ ಎದ್ದು ನಿಂತಿತ್ರಿ."

ಮ್ಯಾಜಿಸ್ಟ್ರೇಟರು ಆ ಮೊಳಕೈಯನ್ನು ನೋಡಿದರು, ಕೈಯಲ್ಲಿದ್ದ ಫೋಟೋ ನೋಡಿದರು, ಮತ್ತೆ ಮೊಳಕೈ ನೋಡಿದರು. "ಇಷ್ಟು ದಿನ ಇದಕ್ಕs ಘೋಡಾ ಅಂತಿದ್ರೇನ್ರಿ?"

"ಮತ್ತೇನ ಅನ್ನಬೇಕ್ರಿ ಸಾಹೇಬ್ರ. ಬಂದೂಕಿನ ಮ್ಯಾಲ ಏಳೂದು ಘೋಡಾನs ಅಲ್ರಿ."

ಈ ಸಲ ನಕ್ಕವರಲ್ಲಿ ಮ್ಯಾಜಿಸ್ಟ್ರೇಟರೂ ಇದ್ದರು. ಗುರುನಾಥ ಮಾತ್ರ ಛಾವಣಿ ನೋಡುತ್ತಿದ್ದ. ತೀರ್ಪು ಅಂದೇ ಬಂತು. ಮಾಮಾ ನಿರ್ದೋಷಿ.

ಉಮರ್ಗಾದ ದಾರಿ

ಅಜ್ಜಿಯನ್ನು ನೋಡಲು ಕೋರ್ಟಿನಿಂದ ನೇರ ಬಸ್ ಸ್ಟ್ಯಾಂಡಿಗೆ ನಡೆದೆವು. ಅತ್ತಿ ಬುತ್ತಿ ಕಟ್ಟಿಕೊಂಡೇ ಬಂದಿದ್ದರು. ತೀರ್ಪು ಬೇರೆ ಆಗಿದ್ದರೆ ಅದನ್ನು ಯಾರು ತಿನ್ನುತ್ತಿದ್ದರೋ ಎಂದು ನಾನು ಕೇಳಲಿಲ್ಲ. ಮಾಮಾ ಕಿಟಕಿಯ ಪಕ್ಕದಲ್ಲಿ ಕೂತರು. ಬಸ್ಸು ಹೊರಟು, ಜೋಳದ ಹೊಲಗಳು ಎರಡೂ ಕಡೆ ಓಡತೊಡಗಿದ ಮೇಲೆ ನನ್ನ ಕಡೆ ತಿರುಗಿದರು.

"ಅಲ್ಲs ನೀಲಾ, ಆ ದೇಶದಾಗ ಉಣ್ಣಾಕ ಏನ ಮಾಡತಿದ್ದಿ?"

ಹೋಗುವಾಗ ಕೇಳಲಿಲ್ಲ, ಬಂದಾಗಲೂ ಕೇಳಲಿಲ್ಲ. ನನ್ನ ಪ್ರವಾಸ ಅಂದರೆ ಅವರಿಗೆ ತಮ್ಮ ತೀರ್ಪು. ಅದು ಬರುವವರೆಗೆ ಅದರ ಒಂದು ತುದಿಯನ್ನೂ ಮುಟ್ಟಲು ಅವರಿಗೆ ಧೈರ್ಯವಿರಲಿಲ್ಲ. ಈಗ ಕೇಳಿದರು. ನಾನು ಎಲುಬಿನ ಸೂಪಿನಿಂದ ಶುರುಮಾಡಿದೆ.

"ಎಲುಬು ತೆಗೆದು ಬಡಸ್ತಿದ್ಲು? ಭಾರೀ ಹೆಂಗಸು ಇದ್ದಾಳ ಬಿಡು" ಎಂದು ತೊಡೆ ತಟ್ಟಿ ನಕ್ಕರು. ಮುಂದಿನ ಸೀಟಿನವರು ತಿರುಗಿ ನೋಡಿದರು. ಮಾಮಾ ಅವರಿಗೂ ಹೇಳಿದರು, ಮರಾಠಿಯಲ್ಲಿ, ಇನ್ನಷ್ಟು ಎಲುಬು ಸೇರಿಸಿ. ಬಸ್ಸು ತಾಲೂಕಿನ ಗಡಿಯ ಕಲ್ಲನ್ನು ದಾಟಿತು. ಅತ್ತಿಯೂ ನಾನೂ ಅದನ್ನು ನೋಡಿ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡೆವು. ಮಾಮಾ ನೋಡಲಿಲ್ಲ. ಅವರು ಬಟಾಟೆಯ ವಿಷಯಕ್ಕೆ ಬಂದಿದ್ದರು.